ಭಾವೈಕ್ಯ ಎಂಬ ಸೋಮಾರಿ ಪದ

ಮೊಹರಂ ಬಂತೆಂದರೆ ನಮ್ಮ ಕಡೆಯ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ‘ಭಾವೈಕ್ಯ’ ಎಂಬ ಪದಕ್ಕೆ ಸುಗ್ಗಿ. ಪಂಜಾ ಹೊತ್ತವರದೊಂದು ಫೋಟೊ, ಅದರ ಕೆಳಗೆ ಈ ಪದ, ಅಲ್ಲಿಗೆ ಸುದ್ದಿ ಮುಗಿಯಿತು. ವಿಶ್ವವಿದ್ಯಾಲಯಗಳೂ ಇದಕ್ಕೆ ಹೊರತಲ್ಲ. ಹಿಂದೂ, ಬೌದ್ಧ, ಇಸ್ಲಾಂ ಧರ್ಮಗಳು ಈ ಉಪಖಂಡದ ಸಮಾಜವನ್ನು ಹೇಗೆ ರೂಪಿಸಿದವು ಎಂದು ಗೋಷ್ಠಿ ಇಡುತ್ತಾರೆ. ಧರ್ಮಕ್ಕೊಂದರಂತೆ ಮೂರು ಪ್ರಬಂಧ, ಸಮಾರೋಪದಲ್ಲಿ ಭಾವೈಕ್ಯ, ಆಮೇಲೆ ಊಟ.

ಈ ಪದದ ಮೇಲೆ ನನಗೆ ತಕರಾರಿದೆ. ಇತಿಹಾಸವೆಲ್ಲ ಬರೀ ಹೊಡೆದಾಟವಾಗಿತ್ತು ಎನ್ನುವವರ ಪರವಾಗಿ ಈ ಮಾತು ಹೇಳುತ್ತಿಲ್ಲ. ಅವರಿಗೆ ಉತ್ತರ ಕೊಡಬೇಕಾದ ಜಾಗದಲ್ಲಿ ಈ ಪದ ಕೈಕಟ್ಟಿ ನಿಲ್ಲುತ್ತದೆ, ಅದಕ್ಕೆ ಹೇಳುತ್ತಿದ್ದೇನೆ.

ಮೊದಲು ಆ ಮೂರು ಪ್ರಬಂಧಗಳ ಲೆಕ್ಕ ನೋಡೋಣ. ಹಿಂದೂ ಯುಗ, ಮುಸ್ಲಿಂ ಯುಗ, ಬ್ರಿಟಿಷ್ ಯುಗ ಎಂಬ ಹೋಳುಗಳನ್ನು ಮಾಡಿಕೊಟ್ಟದ್ದು 1817ರಲ್ಲಿ ಬಂದ ಜೇಮ್ಸ್ ಮಿಲ್‌ನ ಭಾರತದ ಚರಿತ್ರೆ. ಆ ಮನುಷ್ಯ ಭಾರತಕ್ಕೆ ಒಮ್ಮೆಯೂ ಬಂದವನಲ್ಲ. ದ್ವೇಷದ ಭಾಷಣಕಾರರೂ ಭಾವೈಕ್ಯದ ಭಾಷಣಕಾರರೂ ಇಂದಿಗೂ ಅವನ ಹೋಳುಗಳಲ್ಲೇ ಯೋಚಿಸುತ್ತಾರೆ. ಧರ್ಮಗಳು ಮೊದಲೇ ಕಟ್ಟಿ ತಂದ ಗಂಟುಗಳೆಂದು ಇಬ್ಬರೂ ನಂಬಿದ್ದಾರೆ. ಒಬ್ಬರು ಗಂಟುಗಳು ಡಿಕ್ಕಿ ಹೊಡೆದವು ಅನ್ನುತ್ತಾರೆ, ಇನ್ನೊಬ್ಬರು ಅಪ್ಪಿಕೊಂಡವು ಅನ್ನುತ್ತಾರೆ.

ಡಂಬಳಕ್ಕೆ ಹೋಗಿ ಬನ್ನಿ. ನಮ್ಮದೇ ಗದಗ ಜಿಲ್ಲೆ, ಮುಂಡರಗಿ ತಾಲ್ಲೂಕು. ಬಂದವರು ದೊಡ್ಡಬಸಪ್ಪನ ಗುಡಿಯ ನಕ್ಷತ್ರದಾಕಾರ ನೋಡಿ, ಸೆಲ್ಫಿ ಹೊಡೆದು ವಾಪಸಾಗುತ್ತಾರೆ. ಆ ಊರಿಗೆ ಆರನೆಯ ವಿಕ್ರಮಾದಿತ್ಯನ ಕಾಲದ, 1095ರ ಒಂದು ಶಾಸನವಿದೆ. ಅಲ್ಲಿ ಹದಿನಾರು ಸೆಟ್ಟಿಗಳು ಕಟ್ಟಿಸಿದ ಬೌದ್ಧ ವಿಹಾರಕ್ಕೂ, ಲಕ್ಕುಂಡಿಯ ಸೆಟ್ಟಿಯೊಬ್ಬ ಕಟ್ಟಿಸಿದ ಆರ್ಯತಾರಾದೇವಿಯ ವಿಹಾರಕ್ಕೂ ಕೊಟ್ಟ ದತ್ತಿಯ ವಿವರವಿದೆ. ಬೌದ್ಧಧರ್ಮ ದಕ್ಷಿಣದಲ್ಲಿ ಎಂದೋ ಅಳಿದಿತ್ತೆಂದು ನಾವು ಪರೀಕ್ಷೆಯಲ್ಲಿ ಬರೆಯುತ್ತೇವಲ್ಲ, ಬಸವಣ್ಣನ ಹಿಂದಿನ ತಲೆಮಾರಿನಲ್ಲಿ ಅದು ಇಲ್ಲಿ ತಾರೆಯ ಪೂಜೆ ಮಾಡಿಕೊಂಡು ಬದುಕಿತ್ತು. ಬದುಕಿಸಿದವರು ವ್ಯಾಪಾರಿಗಳು. ಅದೇ ಲಕ್ಕುಂಡಿಯಲ್ಲಿ ಅತ್ತಿಮಬ್ಬೆಯ ಬಸದಿಯಿದೆ, ಕಾಶಿವಿಶ್ವೇಶ್ವರನ ಗುಡಿಯಿದೆ. ಸೆಟ್ಟಿಗಳ ಎದೆಯಲ್ಲಿ ಎಷ್ಟು ಐಕ್ಯವಿತ್ತೆಂದು ಅಳೆಯುವ ಸಾಧನ ನನ್ನ ಬಳಿ ಇಲ್ಲ. ಯಾರು ಕಟ್ಟಿಸಿದರು, ಯಾವುದಕ್ಕೆ ದತ್ತಿ ಬಿಟ್ಟರು ಎಂಬುದು ಮಾತ್ರ ಕಲ್ಲಿನ ಮೇಲಿದೆ. ನನ್ನ ಊಹೆ ಕೇಳಿದರೆ, ಆ ಹಣದ ದಾರಿ ಬೇರೆ ಕಡೆ ತಿರುಗಿದಾಗ ತಾರೆಯ ದೀಪವೂ ಆರಿತು. ಅದಕ್ಕೆ ಕತ್ತಿಯೇ ಬೇಕಾಗಿರಲಿಲ್ಲ.

ಇನ್ನೂ ಹಿಂದಕ್ಕೆ ಹೋದರೆ ರಾಷ್ಟ್ರಕೂಟರ ಚಿಂಚಣಿ ತಾಮ್ರಪಟ ಸಿಗುತ್ತದೆ. ಕಾಲ ಶಕ 848, ಅಂದರೆ 926. ಕನ್ನಡ ನೆಲದ ಅರಸರ ಕೈಕೆಳಗೆ ಪಶ್ಚಿಮ ಕರಾವಳಿಯ ಸಂಜಾನವನ್ನು ಆಳುತ್ತಿದ್ದವನು ಮಧುಮತಿ ಎಂಬ ತಾಜಿಕ. ಅರಬರನ್ನು ಆಗ ಕರೆಯುತ್ತಿದ್ದದ್ದು ಹಾಗೆ. ಮಧುಮತಿ ಎಂದರೆ ಮುಹಮ್ಮದ್. ಅವನು ನದಿ ದಾಟುವವರಿಗೆ ಪುಕ್ಕಟೆ ದೋಣಿ ಇಡಿಸಿದ, ಅನ್ನಛತ್ರ ನಡೆಸಿದ, ದೇವಿಯ ಮಠಿಕೆಯೊಂದಕ್ಕೆ ಭೂಮಿ ಬಿಡಲು ಒಪ್ಪಿಗೆ ಕೊಟ್ಟ. ಇದನ್ನು ಔದಾರ್ಯವೆಂದು ಹೊಗಳುವ ಮೊದಲು ಇದು ಆಡಳಿತವೆಂದು ಓದಿ. ಬಂದರು ನಡೆಯಬೇಕಾದರೆ ಎಲ್ಲರೂ ಹೊಳೆ ದಾಟಬೇಕು.

ಇನ್ನು ನನ್ನೂರ ಕಡೆ ಬರೋಣ. ಮೆಣಸಗಿ ರೋಣ ತಾಲ್ಲೂಕಿನ ಮಲಪ್ರಭೆ ದಂಡೆಯ ಊರು. ಈ ಎರಿ ಸೀಮೆಯ ಮೊಹರಂ ನೋಡಿದವರಿಗೆ ಗೊತ್ತು, ಅದು ಮೊದಲಿನಿಂದ ಕಡೆತನಕ ಕೆಲಸಗಳ ಹಂಚಿಕೆ. ಅಲಾಯಿ ಕುಣಿ ತೋಡಲು ಒಬ್ಬರು, ಕಟ್ಟಿಗೆ ತರಲು ಇನ್ನೊಬ್ಬರು, ಪಂಜಾ ಕೂಡಿಸಲು ಮುಜಾವರ, ಹೊರಲು ಹಕ್ಕುಳ್ಳ ಮನೆತನ, ಹೆಜ್ಜೆಮೇಳಕ್ಕೆ ಹುಡುಗರು, ಹಲಗಿಗೆ ಕೇರಿಯವರು. ಹರಕೆ ಹೊತ್ತ ಲಿಂಗಾಯತರ ಮನೆಯ ಹುಡುಗ ಲಾಡಿ ಹಾಕಿಕೊಂಡು ಫಕೀರನಾಗುತ್ತಾನೆ. ಅವನವ್ವ ಸಕ್ಕರಿ ಓದಿಸಿಕೊಂಡು ಬರುತ್ತಾಳೆ. ಮಗುವಿನ ಜ್ವರ ಬಿಟ್ಟಿದ್ದಕ್ಕೆ ಅದು ತೀರಿಸಬೇಕಾದ ಸಾಲ. ಬಿಟ್ಟರೆ ಅಲಾಯಿ ದೇವರು ಸುಮ್ಮನಿರುವುದಿಲ್ಲ ಎಂಬ ಅಂಜಿಕೆಯೂ ಇದೆ. ಹಕ್ಕು, ಹರಕೆ, ಅಂಜಿಕೆ, ಪಾಳಿ ಇಷ್ಟೆಲ್ಲ ಕೂಡಿ ಕಟ್ಟಿದ ಒಂದು ವ್ಯವಸ್ಥೆಯನ್ನು ‘ಭಾವ’ ಎಂದು ಕರೆದುಬಿಟ್ಟರೆ ಒಂದು ವಾಟ್ಸ್ಯಾಪ್ ವೀಡಿಯೊ ಸಾಕು, ಆ ಭಾವ ಕೆಡಲು.

ಈ ಪದ ಮುಚ್ಚಿಡುವ ಇನ್ನೊಂದು ಸಂಗತಿ ಜಾತಿ. ಹಲಗಿ ಬಡಿಯುವ ಕೆಲಸ ಕೇರಿಯದೇ ಯಾಕೆ? ಪಂಜಾ ಹೊರುವ ಹಕ್ಕಿಗೆ ಮನೆತನ ಯಾಕೆ? ಮೂರೂ ಧರ್ಮಗಳನ್ನು ಇಲ್ಲಿ ನಿಜಕ್ಕೂ ಜೋಡಿಸಿದ ದಾರ ಇದೇ. ಬುದ್ಧನ ಮಾತು, ಶರಣರ ಮಾತು, ಸಮಾನತೆಯ ನಮಾಜು ಎಲ್ಲ ಬಂದರೂ ದಾರ ಹರಿಯಲಿಲ್ಲ. ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿ ನೋಡಿ. ಹತ್ತಿ ಹಿಂಜುವ ಪಿಂಜಾರರು, ನದಾಫರು ಪ್ರವರ್ಗ 1ರಲ್ಲಿದ್ದಾರೆ, ಮುಸ್ಲಿಮರಿಗೆ 2ಬಿ ಎಂಬ ಬೇರೆ ಪ್ರವರ್ಗ. ಪರಿಶಿಷ್ಟ ಜಾತಿಗಳ 1950ರ ಆದೇಶಕ್ಕೆ 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ದಲಿತನೊಬ್ಬ ಬುದ್ಧನ ಕಡೆ ಹೋದರೆ ಅವನ ಜಾತಿಯನ್ನು ಕಾನೂನು ಗುರುತಿಸುತ್ತದೆ, ಮಸೂತಿಯ ಕಡೆ ಹೋದರೆ ಗುರುತಿಸುವುದಿಲ್ಲ. ಜಾತಿ ಯಾವ ಧರ್ಮದ ಆಸ್ತಿ ಎಂದು ಸರ್ಕಾರವೇ ತೀರ್ಮಾನಿಸಿಬಿಟ್ಟಿದೆ. ಗೋಷ್ಠಿಗಳು ಇದರ ಬಗ್ಗೆ ಚರ್ಚಿಸಲಿ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಬೇರೊಂದು ಮಾತು. ಬಿಜಾಪುರದ ಸೂಫಿಗಳ ಬಗ್ಗೆ ರಿಚರ್ಡ್ ಈಟನ್ 1978ರಲ್ಲಿ ತಂದ ಪುಸ್ತಕದಲ್ಲಿ ಚಕ್ಕಿನಾಮಾಗಳ ಪ್ರಸ್ತಾಪವಿದೆ. ಹೆಂಗಸರು ಬೀಸುವಾಗ ಹಾಡಲೆಂದು ದಖನಿಯಲ್ಲಿ ಕಟ್ಟಿದ ಹಾಡುಗಳು ಅವು. ಖೂಟ, ಹಿಟ್ಟು, ತಿರುಗುವ ಕಲ್ಲು ಇವುಗಳಲ್ಲೇ ಅಲ್ಲಾಹನ ವಿಚಾರ ಬರುತ್ತದೆ. ನಮ್ಮ ಬೀಸುವ ಪದಗಳನ್ನು ಸಾಲು ಸಾಲಾಗಿ ಸಂಗ್ರಹಿಸಿದ ನಮ್ಮ ಜಾನಪದ ವಿಭಾಗಗಳು ಇವನ್ನು ಪಕ್ಕದಲ್ಲಿಟ್ಟು ಓದಿದ್ದು ಕಡಿಮೆ. ಭಾಷೆ ಬೇರೆ, ವಿಭಾಗ ಬೇರೆ. ಕಲ್ಲು ಒಂದೇ, ಕೈಗೆ ಬಿದ್ದ ಬೊಬ್ಬೆಯೂ ಒಂದೇ. ಇಸ್ಲಾಂ ಡೆಕ್ಕನ್ನಿನ ಅಡುಗೆಮನೆಗೆ ಬಂದ ದಾರಿಗಳಲ್ಲಿ ಇದೂ ಒಂದು. ಹಿಟ್ಟಿನ ಗಿರಣಿ ಬಂದ ಮೇಲೆ ಎರಡೂ ಹಾಡು ಒಟ್ಟಿಗೆ ನಿಂತವು.

ಇವತ್ತು ಎರಡು ಕಡೆಯಿಂದ ಒತ್ತಡವಿದೆ. ಅಲಾಯಿ ಕೂಡಿಸುವುದು ಇಸ್ಲಾಮೇ ಅಲ್ಲ ಎನ್ನುವ ಶುದ್ಧಿವಾದಿಗಳು ಆ ಕಡೆ, ನಿನಗ್ಯಾಕೋ ಸಾಬರ ಹಬ್ಬ ಎನ್ನುವವರು ಈ ಕಡೆ. ನಡುವೆ ನಿಂತ ಮುದುಕನಿಗೆ ನಾವು ಕಲಿಸಿಕೊಟ್ಟ ಉತ್ತರ, ‘ನಾವೆಲ್ಲಾ ಅಣ್ತಮ್ರಿದ್ದಂಗ್ರೀ’. ಅವನು ಹೇಳಬಹುದಾಗಿದ್ದ ಮಾತು ಬೇರೆ: ‘ಇದು ನಮ್ಮ ಮನಿತನದ ಪಾಳಿ, ನಮ್ಮಜ್ಜನ ಕಾಲದಿಂದ ಕುಣಿ ತೋಡೋರು ನಾವು, ಬ್ಯಾಡನ್ನಾಕ ನೀ ಯಾರು?’ ಈ ಎರಡನೆಯ ಮಾತಿಗೆ ಯಾವ ಭಾಷಣಕಾರನಲ್ಲೂ ಸಿದ್ಧ ಉತ್ತರವಿಲ್ಲ.

ಹಾಗಾಗಿ ನನ್ನಂಥ ಸಂಶೋಧಕರಲ್ಲಿ ವಿನಂತಿ. ಮುಂದಿನ ಮೊಹರಂಗೆ ಊರಿಗೆ ಹೋದಾಗ ಕ್ಯಾಮೆರಾ ಬದಿಗಿಟ್ಟು ಒಂದು ವಹಿ ಒಯ್ಯಿರಿ. ಯಾವ ಕೆಲಸ ಯಾವ ಮನೆಯದು, ಮುಜಾವರನಿಗೆ ಬಿಟ್ಟ ಹೊಲವಿದ್ದರೆ ಈಗ ಅದು ಯಾರ ಹೆಸರಿನಲ್ಲಿದೆ, ಯಾವ ಪಾಳಿ ಯಾವ ವರ್ಷ ನಿಂತಿತು, ಯಾಕೆ ನಿಂತಿತು ಎಂದು ಬರೆದುಕೊಳ್ಳಿ. ಹಲಗಿ ಬಡಿದವನಿಗೆ ಎಷ್ಟು ಕೊಟ್ಟರು, ಎಲ್ಲಿ ಕೂಡಿಸಿ ಊಟಕ್ಕೆ ಹಾಕಿದರು ಎಂಬುದನ್ನೂ.