ಗಿಡದ ಹಾರ್ಮೋನು, ಸೀಸೆಯ ಹಾರ್ಮೋನು

ಮುಂಗಾರು ಹಿಡಿದ ಮೇಲೆ ಹೊಳಲ್ಕೆರೆ, ಹೊಸದುರ್ಗ, ಚಿತ್ರದುರ್ಗ ತಾಲ್ಲೂಕುಗಳಲ್ಲಿ ಸಂಚರಿಸುವವರಿಗೆ ರಸ್ತೆಯ ಇಕ್ಕೆಲಗಳಲ್ಲಿಯೂ ಕಾಣುವುದು ಬಹುಮಟ್ಟಿಗೆ ಮೆಕ್ಕೆಜೋಳವೇ. ರಾಗಿ, ಸಜ್ಜೆ, ಬಿಳಿಜೋಳಗಳ ಸೀಮೆಯೆನಿಸಿದ್ದ ಈ ನೆಲದಲ್ಲಿ ಕಳೆದ ಕೆಲವು ದಶಕಗಳಲ್ಲಿ ಅದು ಬಂದು ಬೇರೂರಿದೆ. ಆದರೆ ಅದನ್ನು ಬೆಳೆಯುವ ರೈತರ ಮಕ್ಕಳು ಶಾಲೆಯಲ್ಲಿ ಸಸ್ಯಹಾರ್ಮೋನುಗಳ ಪಾಠವನ್ನು ಓದುವಾಗ ಮೆಕ್ಕೆಜೋಳದ ಹೆಸರನ್ನು ಕಾಣುವುದು ಅಪರೂಪ. ಓಟ್ಸ್ ಮೊಳಕೆಯೊಂದು ಬೆಳಕಿನ ಕಡೆಗೆ ಬಾಗುತ್ತದೆ. ಐದು ಹಾರ್ಮೋನುಗಳ ಹೆಸರು, ಒಂದೊಂದರ ಮುಂದೆ ಒಂದೊಂದು ಕೆಲಸ. ಅಲ್ಲಿಗೆ ಪಾಠ ಮುಗಿಯಿತು. ಅದೇ ಊರಿನ ಗೊಬ್ಬರದ ಅಂಗಡಿಯಲ್ಲಾದರೋ ಬಣ್ಣಬಣ್ಣದ ಸೀಸೆಗಳು ಸಾಲುಗಟ್ಟಿ ನಿಂತಿರುತ್ತವೆ. ಅವುಗಳಿಗೆ ‘ಟಾನಿಕ್ಕು’ ಎಂದು ಹೆಸರು. ಹೊಡೆದರೆ ಗಿಡ ಎತ್ತರವಾಗುವುದು, ತೆನೆ ದಪ್ಪವಾಗುವುದು ಎಂದು ಮಾತು. ತಂದೆ ಸೀಸೆಯನ್ನು ಕೊಳ್ಳುತ್ತಾನೆ, ಮಗ ಪಟ್ಟಿಯನ್ನು ಬಾಯಿಪಾಠ ಮಾಡುತ್ತಾನೆ. ಒಂದಕ್ಕೂ ಮತ್ತೊಂದಕ್ಕೂ ಸಂಬಂಧವುಂಟೆಂದು ಇಬ್ಬರಿಗೂ ಹೊಳೆಯುವುದಿಲ್ಲ. ಈ ಅಜ್ಞಾನದ ಬೆಲೆಯನ್ನು ತೆರುವವನು ರೈತ.

ಹಾರ್ಮೋನೆಂದರೆ ಬಲವರ್ಧಕವೆಂಬ ಭಾವನೆಯೇ ಮೂಲದ ತಪ್ಪು. ಗೊಬ್ಬರವು ಆಹಾರ, ಹಾರ್ಮೋನು ಆಜ್ಞೆ. ಆಹಾರವನ್ನು ತುಸು ಹೆಚ್ಚು ಕೊಟ್ಟರೆ ಸಾಮಾನ್ಯವಾಗಿ ಅನಾಹುತವಾಗದು. ಆಜ್ಞೆಯಾದರೋ ಯಾವ ಅಂಗಕ್ಕೆ, ಯಾವ ಹೊತ್ತಿನಲ್ಲಿ, ಎಷ್ಟರಮಟ್ಟಿಗೆ ತಲಪಿತೆಂಬುದರ ಮೇಲೆ ಅದರ ಫಲ ನಿಂತಿದೆ. ಇದನ್ನು ಮೆಕ್ಕೆಜೋಳದಷ್ಟು ಸ್ಪಷ್ಟವಾಗಿ ತೋರಿಸಿಕೊಡುವ ಬೆಳೆ ಇನ್ನೊಂದಿಲ್ಲವೆಂದೇ ನನ್ನ ಅಭಿಪ್ರಾಯ.

ಭತ್ತ, ರಾಗಿಗಳಲ್ಲಿ ಒಂದೇ ಹೂವಿನೊಳಗೆ ಕೇಸರವೂ ಅಂಡಕೋಶವೂ ಇರುತ್ತವೆ. ಮೆಕ್ಕೆಜೋಳದಲ್ಲಿ ಗಂಡು ಹೂಗಳು ತುದಿಯ ಸೂಲಂಗಿಯಲ್ಲಿ, ಹೆಣ್ಣು ಹೂಗಳು ನಡುಗಿಡದ ತೆನೆಯಲ್ಲಿ. ತೆನೆಯಿಂದ ಹೊರಚಾಚುವ ರೇಷ್ಮೆಯಂಥ ಎಳೆಗಳಲ್ಲಿ ಒಂದೊಂದೂ ಒಂದೊಂದು ಕಾಳಿನ ದಾರಿ. ಪರಾಗ ತಾಗದ ಎಳೆಗೆ ಕಾಳಿಲ್ಲ. ಆದರೆ ಎಳೆಯ ಹೂಮೊಗ್ಗುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದವರಿಗೆ ಒಂದು ಸೋಜಿಗ ಕಾದಿರುತ್ತದೆ. ಆರಂಭದಲ್ಲಿ ಸೂಲಂಗಿಯ ಮೊಗ್ಗಿಗೂ ತೆನೆಯ ಮೊಗ್ಗಿಗೂ ಭೇದವೇ ಇಲ್ಲ. ಎರಡರಲ್ಲಿಯೂ ಎರಡು ಬಗೆಯ ಅಂಗಗಳೂ ಮೊಳೆಯುತ್ತವೆ. ಅನಂತರ ಸೂಲಂಗಿಯಲ್ಲಿ ಅಂಡಕೋಶವು ನಶಿಸುತ್ತದೆ, ತೆನೆಯಲ್ಲಿ ಕೇಸರವು ಬೆಳೆಯದೆ ನಿಂತುಹೋಗುತ್ತದೆ. ಗಿಡವು ತನ್ನ ಒಂದು ಅಂಗವನ್ನು ತಾನೇ ಕೊಂದುಕೊಂಡು ಗಂಡೋ ಹೆಣ್ಣೋ ಆಗುತ್ತದೆ. ಇದಕ್ಕೆ ಅಪ್ಪಣೆ ಕೊಡುವವು ಹಾರ್ಮೋನುಗಳು.

ಸೂಲಂಗಿಯ ಅಂಡಕೋಶವನ್ನು ಅಳಿಸುವ ಅಪ್ಪಣೆ ಜಾಸ್ಮಾನಿಕ್ ಆಮ್ಲದ್ದು. ಸೂಲಂಗಿಯಲ್ಲಿಯೇ ಕಾಳು ಕಟ್ಟುವ ಕೆಲವು ವಿಕೃತ ತಳಿಗಳು ತಳಿಶಾಸ್ತ್ರಜ್ಞರಿಗೆ ಬಹುಕಾಲದಿಂದ ಪರಿಚಿತವಾಗಿದ್ದವು. ಅಂಥ ಒಂದು ತಳಿಯಲ್ಲಿ ಕೆಟ್ಟಿರುವುದು ಜಾಸ್ಮಾನಿಕ್ ಆಮ್ಲವನ್ನು ತಯಾರಿಸುವ ಕಿಣ್ವದ ಜೀನು ಎಂಬುದು 2009ರಲ್ಲಿ ಸಿದ್ಧವಾಯಿತು. ಆ ಗಿಡಗಳಿಗೆ ಹೊರಗಿನಿಂದ ಆಮ್ಲವನ್ನು ಒದಗಿಸಿದಾಗ ಕೇಸರಗಳು ಮತ್ತೆ ಮೂಡಿದವು. ಇನ್ನೂ ಸ್ವಾರಸ್ಯದ ಸಂಗತಿಯಿದೆ. ಹುಳು ಎಲೆಯನ್ನು ಕಡಿದಾಗ ರಕ್ಷಣೆಗೆ ಗಿಡವನ್ನು ಎಚ್ಚರಿಸುವುದೂ ಇದೇ ಜಾಸ್ಮಾನಿಕ್ ಆಮ್ಲ. 2012ರಲ್ಲಿ ಪ್ರಕಟವಾದ ಸಂಶೋಧನೆಯೊಂದರಲ್ಲಿ ಈ ಆಮ್ಲವನ್ನು ತಯಾರಿಸಲಾರದ ಮೆಕ್ಕೆಜೋಳದ ಸೂಲಂಗಿ ಹೆಣ್ಣಾಯಿತು. ಅದೇ ಗಿಡ ಹುಳುವಿಗೂ ಮಣ್ಣಿನ ಕೊಳೆರೋಗಕ್ಕೂ ಸುಲಭವಾಗಿ ತುತ್ತಾಯಿತು. 2018ರಲ್ಲಿ ಶಿವಮೊಗ್ಗೆಯಲ್ಲಿ ಮೊದಲು ಪತ್ತೆಯಾಗಿ ದೇಶವನ್ನೆಲ್ಲ ಹಬ್ಬಿದ ಫಾಲ್ ಸೈನಿಕ ಹುಳುವಿನ ಹಾವಳಿಯನ್ನು ಕಂಡ ನಮ್ಮ ರೈತರಿಗೆ ಇದು ದೂರದ ಸುದ್ದಿಯಲ್ಲ. ಒಂದೇ ವಸ್ತು ಹೂವಿನ ಲಿಂಗವನ್ನೂ ನಿರ್ಧರಿಸುತ್ತದೆ, ಹುಳುವಿನೊಡನೆಯೂ ಹೋರಾಡುತ್ತದೆ. ‘ಒಂದು ಹಾರ್ಮೋನು, ಒಂದು ಕೆಲಸ’ ಎಂಬ ಪಾಠದ ಪಟ್ಟಿ ಇಲ್ಲಿ ಹರಿದುಹೋಗುತ್ತದೆ.

ಗಿಬ್ಬರೆಲಿನ್ನಿನ ಕಥೆ ಸೀಸೆಗೆ ಇನ್ನೂ ಹತ್ತಿರವಾದುದು. ಭತ್ತವನ್ನು ಅತಿಯಾಗಿ ಉದ್ದ ಬೆಳೆಯಿಸಿ ಕೆಡಿಸುವ ಶಿಲೀಂಧ್ರವೊಂದರ ಸ್ರಾವದಲ್ಲಿ ಇಂಥ ವಸ್ತುವೊಂದಿದೆಯೆಂದು 1926ರಲ್ಲಿ ಜಪಾನಿನ ಕುರೊಸಾವ ತೋರಿಸಿದನು. ರೋಗವೊಂದರ ಕಾರಣವಾಗಿ ಇದು ಮೊದಲು ಗುರುತಿಗೆ ಬಂದಿತೆಂಬುದನ್ನು ‘ಎತ್ತರ ಬೆಳೆಯುವ ಔಷಧಿ’ಯನ್ನು ಕೊಳ್ಳುವವರು ನೆನಪಿನಲ್ಲಿಡಬೇಕು. 1956ರಲ್ಲಿ ಅಮೆರಿಕದ ಬರ್ನಾರ್ಡ್ ಫಿನ್ನಿ ಎಂಬ ವಿಜ್ಞಾನಿ ಮೆಕ್ಕೆಜೋಳದ ಕೆಲವು ಕುಳ್ಳ ತಳಿಗಳಿಗೆ ಗಿಬ್ಬರೆಲಿಕ್ ಆಮ್ಲವನ್ನು ಕೊಟ್ಟಾಗ ಅವು ಸಾಮಾನ್ಯ ಗಿಡದ ಎತ್ತರಕ್ಕೆ ಬೆಳೆದವು. ಆದರೆ ಸಾಮಾನ್ಯ ಗಿಡಗಳಲ್ಲಿ ಅದಕ್ಕೆ ಹೋಲಿಸಬಹುದಾದ ಬೆಳವಣಿಗೆ ಕಾಣಲಿಲ್ಲ. ಕೊರತೆಯಿರುವ ಗಿಡಕ್ಕೆ ಕೊಟ್ಟುದು ಫಲಿಸಿತು. ಸಾಕಷ್ಟು ಉಳ್ಳ ಗಿಡಕ್ಕೆ ಅದು ಬೇಕಾಗಿರಲಿಲ್ಲ. ಅಂಗಡಿಯಲ್ಲಿ ಮಾರುವ ಸಂಕರ ಬೀಜ ಕುಳ್ಳ ವಿಕೃತಿಯಲ್ಲವಷ್ಟೆ! ಈ ಕುಳ್ಳ ತಳಿಗಳ ತೆನೆಯಲ್ಲಿ ಕೇಸರಗಳೂ ಮೂಡುತ್ತವೆ. ಗಿಬ್ಬರೆಲಿನ್ನು ತೆನೆಯನ್ನು ಹೆಣ್ಣಾಗಿ ಉಳಿಸುವ ಅಪ್ಪಣೆಯೆಂದು ಇದರಿಂದ ತಿಳಿಯುತ್ತದೆ. ಅದನ್ನೇ ಎಳೆಯ ಸೂಲಂಗಿಗೆ ಹೇರಳವಾಗಿ ಕೊಟ್ಟರೆ ಸೂಲಂಗಿಯೂ ಹೆಣ್ಣಾಗುತ್ತದೆ. ಬ್ರಾಸಿನೋಸ್ಟೀರಾಯ್ಡ್ ಎಂಬ ಇನ್ನೊಂದು ಹಾರ್ಮೋನಿನ ಕೊರತೆಯಿಂದಲೂ ಗಿಡ ಕುಳ್ಳಾಗುತ್ತದೆ; ಆದರೆ ಅಲ್ಲಿ ಪರಿಣಾಮ ತಿರುಗುಮುರುಗು, ಸೂಲಂಗಿ ಹೆಣ್ಣಾಗುತ್ತದೆ. ನೋಟಕ್ಕೆ ಎರಡೂ ಕುಳ್ಳ ಗಿಡಗಳೇ.

ಇನ್ನು ಕಾಲದ ಮಾತು. ಸೂಲಂಗಿ ಹೊರಬಂದಾಗ ಸಿಂಪಡಿಸಿದರೆ ತೆನೆಗಳು ಹೆಚ್ಚುತ್ತವೆಂದು ನಂಬುವವರು ಹಲವರು. ಬಿತ್ತಿದ ಮೂರು ನಾಲ್ಕು ವಾರಗಳಲ್ಲಿ, ಗಿಡ ಮೊಣಕಾಲೆತ್ತರಕ್ಕೂ ಬಾರದಿರುವಾಗಲೇ, ಸುರುಳಿ ಎಲೆಗಳೊಳಗೆ ಸೂಲಂಗಿಯ ರೂಪ ಮೊದಲಾಗಿರುತ್ತದೆ. ತೆನೆಯ ಮೊಗ್ಗುಗಳೂ ಬಹಳ ಹಿಂದುಳಿಯುವುದಿಲ್ಲ. ಸೂಲಂಗಿಯು ಕಣ್ಣಿಗೆ ಬೀಳುವ ಹೊತ್ತಿಗೆ ತೀರ್ಪು ಬರೆದಾಗಿದೆ. ಆಗ ಬೆಳೆಯ ಭಾಗ್ಯವನ್ನು ನಿರ್ಣಯಿಸುವುದು ನೀರು. ಹೂ ಬಿಡುವಾಗ ಬರ ಬಿದ್ದರೆ ರೇಷ್ಮೆ ಎಳೆಗಳು ಹೊರಬರುವುದು ತಡವಾಗುತ್ತದೆ, ಅಷ್ಟರಲ್ಲಿ ಪರಾಗ ಉದುರಿಹೋಗಿರುತ್ತದೆ, ತೆನೆ ಬೊಕ್ಕಾಗುತ್ತದೆ. ಮಳೆ ಕೈಕೊಡುವುದು ವಾಡಿಕೆಯಾದ ಹಿರಿಯೂರಿನ ಕಡೆ ಸೀಸೆಯ ಹಣವನ್ನು ಆ ವಾರದ ಒಂದು ನೀರಿಗೆ ವೆಚ್ಚಮಾಡುವುದು ಲೇಸು.

ಹಾರ್ಮೋನುಗಳೆಲ್ಲ ನಿರುಪಯುಕ್ತವೆಂದು ನಾನು ಹೇಳುತ್ತಿಲ್ಲ. ಕೃಷಿಯಲ್ಲಿ ಅವುಗಳ ಬಳಕೆ ನಿಜವಾದುದು, ಬೆಲೆಯುಳ್ಳದ್ದು. ದ್ರಾಕ್ಷಿಗೆ ಗಿಬ್ಬರೆಲಿಕ್ ಆಮ್ಲ ಉಪಯುಕ್ತವಾದುದಕ್ಕೆ ಆಧಾರವಿದೆ. ಮೆಕ್ಕೆಜೋಳದ ಹೊಲದ ಅಗಲೆಲೆಯ ಕಳೆಗಳನ್ನು ಕೊಲ್ಲುವ 2,4-ಡಿ ಎಂಬುದು ಆಕ್ಸಿನ್ನಿನ ಅನುಕರಣೆಯೇ. ಹಾರ್ಮೋನು ಮಿತಿಮೀರಿದರೆ ವಿಷವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ನಡುವೆ ತೊಗರಿಯ ಸಾಲಿದ್ದರೆ ಅದೂ ಕಳೆಯೊಡನೆ ಸಾಯುತ್ತದೆ. ಕಾನೂನು ಕೂಡ ಕಣ್ಣುಮುಚ್ಚಿ ಕುಳಿತಿಲ್ಲ. ಜೈವಿಕ ಉತ್ತೇಜಕಗಳೆಂದು ಮಾರುವ ಸರಕನ್ನು ಕೇಂದ್ರ ಸರ್ಕಾರವು 2021ರಲ್ಲಿ ರಸಗೊಬ್ಬರ ನಿಯಂತ್ರಣ ಆಜ್ಞೆಯ ವ್ಯಾಪ್ತಿಗೆ ತಂದಿತು. ಆದರೆ ಸೀಸೆಯ ಮೇಲಿನ ಸಣ್ಣಕ್ಷರವನ್ನು ಓದಿ ಒಳಗಿರುವುದೇನೆಂದು ತಿಳಿಯಬಲ್ಲವರು ಮನೆಯಲ್ಲಿ ಯಾರಾದರೂ ಇರಬೇಡವೆ? ಆ ಕೆಲಸವನ್ನು ಪ್ರೌಢಶಾಲೆಯ ವಿದ್ಯಾರ್ಥಿಯು ಮಾಡಬಲ್ಲನು, ಮಾಡಬೇಕು.

ಅದಕ್ಕೆ ಪಾಠದ ಕ್ರಮ ಬದಲಾಗಬೇಕು. ಓಟ್ಸ್ ಮೊಳಕೆ ಇರಲಿ. ಜೊತೆಗೆ ಹೊಲದ ಅಂಚಿಗೂ ಹೋಗಲಿ. ಬದುವಿನ ಸಾಲಿನಲ್ಲಿ, ವಿಶೇಷವಾಗಿ ಬುಡದಿಂದೊಡೆದ ಮರಿಗಿಡಗಳಲ್ಲಿ, ಸೂಲಂಗಿಯ ತುದಿಯಲ್ಲಿಯೇ ಕಾಳು ಕಟ್ಟಿರುವುದು ಆಗಾಗ ಕಾಣಸಿಗುತ್ತದೆ. ರವದಿಯ ಹೊದಿಕೆಯಿಲ್ಲದ ಆ ಕಾಳುಗಳು ಗಿಳಿಗಳ ಪಾಲು. ಅಪಶಕುನವೆಂದೋ ಬೀಜದ ಮೋಸವೆಂದೋ ಕಿತ್ತೆಸೆಯುವ ಮೊದಲು ಅದನ್ನು ತರಗತಿಗೆ ತಂದರೆ ಒಂದು ಗಂಟೆಯ ಪಾಠಕ್ಕೆ ಸಾಕು. ಜಗತ್ತಿನಲ್ಲಿ ಮೊದಲು ಬೇರ್ಪಡಿಸಲಾದ ಸಹಜ ಸೈಟೊಕೈನಿನ್ನು ಎಳೆಯ ಮೆಕ್ಕೆಜೋಳದ ಕಾಳಿನಿಂದ ಬಂದುದು. ‘ಜಿಯಾಟಿನ್’ ಎಂಬ ಅದರ ಹೆಸರು ಈ ಬೆಳೆಯ ಶಾಸ್ತ್ರೀಯ ನಾಮದಿಂದಲೇ ಹುಟ್ಟಿತು. ಅದೇ ಜಾತಿಯ ವಸ್ತುಗಳು ಎಳನೀರಿನಲ್ಲಿಯೂ ಇವೆ ಎಂದು ಹೊಸದುರ್ಗದ ತೆಂಗಿನ ತೋಟಗಳ ಹುಡುಗರಿಗೆ ತಿಳಿಸಿದರೆ ಪಟ್ಟಿಯ ಆ ಒಣ ಹೆಸರಿಗೆ ಜೀವ ಬಂದೀತು.

ಮತ್ತೊಂದು ಸಲಹೆ. ಮನೆಯಲ್ಲಿ ಟಾನಿಕ್ಕನ್ನು ಹೊಡೆಯುವುದೇ ನಿಶ್ಚಯವಾದರೆ ವಿದ್ಯಾರ್ಥಿಯು ಹಿರಿಯರನ್ನು ಒಪ್ಪಿಸಿ ಹೊಲದ ಮೂರು ನಾಲ್ಕು ಕಡೆ ನಾಲ್ಕು ನಾಲ್ಕು ಸಾಲುಗಳಿಗೆ ಬರಿಯ ನೀರನ್ನು ಸಿಂಪಡಿಸಲಿ. ಗೂಟ ನೆಟ್ಟು ಗುರುತಿಡಲಿ. ಕೊಯ್ಲಿನ ದಿನ ಎರಡು ಬಗೆಯ ಸಾಲುಗಳಿಂದಲೂ ಸಮಸಂಖ್ಯೆಯ ಗಿಡಗಳ ತೆನೆಗಳನ್ನು ಆರಿಸದೆ ಮುರಿದು, ಒಣಗಿಸಿ, ಕಾಳು ಬಿಡಿಸಿ ತೂಗಲಿ. ಸೀಸೆಯ ಬೆಲೆಯನ್ನೂ ಸಿಂಪಡಿಸಿದ ಕೂಲಿಯನ್ನೂ ಪಕ್ಕದಲ್ಲಿ ಬರೆಯಲಿ. ಮುಂದಿನ ಮುಂಗಾರಿಗೆ ತಂದೆಯು ಅಂಗಡಿಗೆ ಹೊರಡುವಾಗ ಆ ಹಾಳೆಯನ್ನು ಅವನ ಕೈಗೆ ಕೊಡಲಿ.