ತೆರಿಗೆ ಬೇಡ ಎನ್ನುವವರೇ, ಬಿಲ್ಲು ಯಾರು ಕಟ್ಟುತ್ತಾರೆ?

"ಎಲ್ಲರಿಗೂ ಸರ್ಕಾರಿ ಚಿಕಿತ್ಸೆ ಕೊಡಿ" ಎಂದು ಬಾಯಿಬಿಟ್ಟರೆ ಸಾಕು, ಕೆಲವು ಮಹಾನುಭಾವರು ಎಗರಿ ಬೀಳುತ್ತಾರೆ. "ತೆರಿಗೆ ಏರುತ್ತೆ ಸ್ವಾಮಿ! ನಾವು ದುಡಿದದ್ದು ಕಂಡವರ ಪಾಲಾಗುತ್ತೆ!"

ಏರುತ್ತದೆ. ಇಲ್ಲವೆಂದವರು ಯಾರು? ಪುಗಸಟ್ಟೆ ಆಸ್ಪತ್ರೆ ಜಗತ್ತಿನಲ್ಲಿ ಎಲ್ಲೂ ಇಲ್ಲ. ಆದರೆ ಲೆಕ್ಕ ಹಾಕುವಾಗ ಒಂದೇ ಜೇಬು ನೋಡುವುದೇಕೆ? ತೆರಿಗೆ ಕಟ್ಟುವ ಜೇಬಿನ ಪಕ್ಕದಲ್ಲೇ ಬಿಲ್ಲು ಕಟ್ಟುವ ಜೇಬೂ ಇದೆ. ಎರಡನ್ನೂ ಕೂಡಿಸಿ!

ಅಮೆರಿಕ ತನ್ನ ಒಟ್ಟು ಉತ್ಪನ್ನದಲ್ಲಿ ಸುಮಾರು ಶೇ. 17ರಷ್ಟನ್ನು ಆರೋಗ್ಯಕ್ಕೆ ಸುರಿಯುತ್ತದೆ. ಆದರೂ 2023ರಲ್ಲಿ ಅಲ್ಲಿ ಎರಡೂವರೆ ಕೋಟಿಯಷ್ಟು ಜನಕ್ಕೆ ವಿಮೆಯೇ ಇರಲಿಲ್ಲ. 1948ರಿಂದ ಮುಖ್ಯವಾಗಿ ತೆರಿಗೆ ಹಣದಲ್ಲೇ ಎಲ್ಲರಿಗೂ ಚಿಕಿತ್ಸೆ ಕೊಡುತ್ತಿರುವ ಬ್ರಿಟನ್ನಿನಲ್ಲಿ ಖರ್ಚು ಸುಮಾರು ಶೇ. 11. ಅಲ್ಲಿ ಸರದಿ ಉದ್ದ, ನಿಜ. ಆದರೆ ಆಪರೇಷನ್ನಿಗಾಗಿ ಮನೆ ಮಾರುವ ಗತಿಯಿಲ್ಲ. ಅದು ಶ್ರೀಮಂತ ದೇಶ ಅನ್ನುವಿರಾ? ಥಾಯ್ಲೆಂಡ್ ನೋಡಿ. 2002ರಲ್ಲೇ 30 ಬಾತ್ ಕೊಟ್ಟು ಚಿಕಿತ್ಸೆ ಪಡೆಯುವ ಯೋಜನೆಯನ್ನು ಇಡೀ ದೇಶಕ್ಕೆ ತಂದಿತು.

ನಮ್ಮ ಲೆಕ್ಕವೂ ಇದನ್ನೇ ಹೇಳುತ್ತದೆ. 2013-14ರಲ್ಲಿ ದೇಶದ ಆರೋಗ್ಯ ವೆಚ್ಚದ ಪ್ರತಿ ನೂರು ರೂಪಾಯಿಯಲ್ಲಿ ಸರ್ಕಾರದ್ದು 29, ರೋಗಿಯ ಜೇಬಿನದು 64. 2021-22ರಲ್ಲಿ ಸರ್ಕಾರದ ಪಾಲು 48ಕ್ಕೆ ಏರಿತು. ಜೇಬಿನ ಪಾಲು 39ಕ್ಕೆ ಇಳಿಯಿತು. ಸರ್ಕಾರ ಹೆಗಲು ಕೊಟ್ಟಷ್ಟೂ ರೋಗಿಯ ಹೊರೆ ಇಳಿಯುತ್ತದೆ. ಇದಕ್ಕಿಂತ ಸಾಕ್ಷಿ ಬೇಕೆ?

ನಗರದ ಗೆಳೆಯರೇ, ನಿಮ್ಮ ಸ್ಥಿತಿ ನೋಡಿಕೊಳ್ಳಿ. ಇಎಸ್‌ಐಗೆ 2017ರಲ್ಲಿ ತಿಂಗಳಿಗೆ 21,000 ರೂಪಾಯಿ ಸಂಬಳದ ಗೆರೆ ಎಳೆದರು. ಅದಕ್ಕಿಂತ ಒಂದಿಷ್ಟು ಹೆಚ್ಚು ದುಡಿದರೆ ಹೊರಗೆ! ಬಿಪಿಎಲ್ ಕಾರ್ಡೂ ಇಲ್ಲ. 2018ರ 'ಆರೋಗ್ಯ ಕರ್ನಾಟಕ'ದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ. ಎಪಿಎಲ್‌ಗೆ ಪ್ಯಾಕೇಜ್ ದರದ ಶೇ. 30 ಮಾತ್ರ, ಅದೂ ಒಂದೂವರೆ ಲಕ್ಷದೊಳಗೆ. ಉಳಿದ ಶೇ. 70ಕ್ಕೆ? ಬಡ್ಡಿ ಸಾಲ, ಅಮ್ಮನ ಒಡವೆ!

ಇನ್ನೊಂದು ಮೋಸ ಕೇಳಿ. 2018ರ ಬಜೆಟ್ಟಿನಲ್ಲಿ ಆದಾಯ ತೆರಿಗೆಯ ಮೇಲೆ ಶೇ. 4 'ಆರೋಗ್ಯ ಮತ್ತು ಶಿಕ್ಷಣ' ಸೆಸ್ ಹೇರಿದರು. ಸಂವಿಧಾನದ ಪ್ರಕಾರ ಆಸ್ಪತ್ರೆ ನಡೆಸುವ ಹೊಣೆ ರಾಜ್ಯದ್ದು. ಆದರೆ ತೆರಿಗೆಯಂತೆ ಸೆಸ್ಸನ್ನು ರಾಜ್ಯಗಳೊಡನೆ ಹಂಚಿಕೊಳ್ಳಬೇಕಿಲ್ಲ! ಕನ್ನಡಿಗ ಆರೋಗ್ಯದ ಹೆಸರಲ್ಲಿ ಕಟ್ಟಿದ ಹಣ ದೆಹಲಿಯ ಖಜಾನೆಗೆ. ಹಾಸಿಗೆ ಸಿಗಲಿಲ್ಲವೆಂಬ ಬೈಗುಳ ಬೆಂಗಳೂರಿಗೆ.

ತೆರಿಗೆ ಕೇಳುವುದು ಗಳಿಕೆ ನೋಡಿ. ಬಿಲ್ಲು ಬರುವುದು ಕಾಯಿಲೆ ನೋಡಿ. ಯಾವುದು ನ್ಯಾಯ? ಸರ್ಕಾರದ ಆರೋಗ್ಯ ವೆಚ್ಚವನ್ನು 2025ರೊಳಗೆ ದೇಶದ ಉತ್ಪನ್ನದ ಶೇ. 2.5ಕ್ಕೆ ಏರಿಸುತ್ತೇವೆಂದು 2017ರ ರಾಷ್ಟ್ರೀಯ ಆರೋಗ್ಯ ನೀತಿ ಮಾತು ಕೊಟ್ಟಿತ್ತು. 2021-22ರಲ್ಲಿ ಮುಟ್ಟಿದ್ದು ಶೇ. 1.84. ಆ ಗಡುವು ಮುಗಿದಿದೆ.

ಓಟು ಕೇಳಲು ಬಂದವನನ್ನು ಬಾಗಿಲಲ್ಲೇ ನಿಲ್ಲಿಸಿ ಕೇಳಿ: ನಮ್ಮ ಸೆಸ್ಸಿನಲ್ಲಿ ನಮ್ಮ ರಾಜ್ಯದ ಪಾಲೆಲ್ಲಿ? ನಮ್ಮೂರ ಆಸ್ಪತ್ರೆಗೆ ವೈದ್ಯರೆಲ್ಲಿ? ಉತ್ತರ ಬರುವವರೆಗೂ ಬಿಡಬೇಡಿ!