ಜಾಬ್ ಕಾರ್ಡ್ ಎಲ್ಲಿ ಸ್ವಾಮಿ?

ದಸರಾ ರಜೆಗೆ ನಾವು ಮೂವರು ರೂಮ್‌ಮೇಟ್‌ಗಳು ನಮ್ಮಲ್ಲೊಬ್ಬನ ಊರಿಗೆ ಹೋಗಿದ್ವಿ. ಶಿವಮೊಗ್ಗ ಜಿಲ್ಲೆಯ ಒಂದು ಹಳ್ಳಿ, ಎರಡೂವರೆ ಎಕರೆ ಅಡಿಕೆ ತೋಟ. ಪ್ಲಾನ್ ಏನಿತ್ತು ಅಂದ್ರೆ ಜೋಗ ನೋಡೋದು, ಹೊಟ್ಟೆ ತುಂಬ ತಿನ್ನೋದು, ನಿದ್ದೆ ಹೊಡೆಯೋದು. ಕೊನೆಯ ಎರಡು ಚೆನ್ನಾಗಿಯೇ ಆಯ್ತು. ಜೋಗ ಮಾತ್ರ ಆಗಲಿಲ್ಲ. ಮೊದಲ ದಿನ ಬೆಳಿಗ್ಗೆ ಕಾಫಿ ಕುಡಿಯುವಾಗ ಅವನ ತಂದೆ, "ನೀವೆಲ್ಲ ಮೆಕ್ಯಾನಿಕಲ್ ಓದೋರಲ್ವಾ? ಈ ವೀಡ್ ಕಟರ್ ಒಂದು ಸ್ವಲ್ಪ ನೋಡಿ ಮಾರಾಯ್ರಾ" ಅಂದ್ರು. ನಾವು ಮೊದಲು ಅವರನ್ನ ಅಂಕಲ್ ಅಂತಿದ್ವಿ, ಎರಡನೇ ದಿನಕ್ಕೆ ಮಗ ಕರೆಯೋ ಹಾಗೇ ಅಪ್ಪಯ್ಯ ಅನ್ನೋಕೆ ಶುರು ಮಾಡಿದ್ವಿ. ಇಲ್ಲೂ ಹಾಗೇ ಬರೀತೀವಿ.

ವೀಡ್ ಕಟರ್ ಗೊತ್ತಿಲ್ಲದ ಸಿಟಿಯವರಿಗೆ ಒಂದು ಮಾತು. ಹೆಗಲಿಗೆ ಬೆಲ್ಟ್ ಹಾಕ್ಕೊಂಡು, ಉದ್ದ ಪೈಪಿನ ತುದಿಯಲ್ಲಿ ತಿರುಗೋ ಬ್ಲೇಡಿನಿಂದ ಹುಲ್ಲು, ಕಳೆ ಹೊಡೆಯೋ ಮೆಷಿನ್ ಅದು. ಹಿಂದುಗಡೆ ಒಂದು ಚಿಕ್ಕ ಟೂ-ಸ್ಟ್ರೋಕ್ ಎಂಜಿನ್. ನಮ್ಮ ಕ್ಯಾಂಪಸ್‌ನ ಲಾನ್‌ನಲ್ಲಿ ಬೆಳಿಗ್ಗೆ ಎಂಟಕ್ಕೆ ನಿದ್ದೆ ಕೆಡಿಸುತ್ತಲ್ಲ, ಅದೇ ಸದ್ದು. ಮಲೆನಾಡಿನ ಮಳೆಗೆ ತೋಟದಲ್ಲಿ ಕಳೆ ಸೊಂಟದ ಮಟ್ಟಕ್ಕೆ ಬೆಳೆಯುತ್ತೆ. ಕೊಯ್ಲಿಗೆ ಮುಂಚೆ ನೆಲ ಚೊಕ್ಕ ಇರದಿದ್ದರೆ ಉದುರಿದ ಅಡಿಕೆ ಹೆಕ್ಕೋಕೆ ಆಗಲ್ಲ. ಕತ್ತಿ ಹಿಡಿದು ಕಳೆ ಸವರೋ ಆಳು ಈಗ ಸಿಗೋದು ಕಷ್ಟ. ಹಾಗಾಗಿ ಈ ಮೆಷಿನ್ ಇಲ್ಲಿ ಶೋಕಿಯಲ್ಲ.

ಅಪ್ಪಯ್ಯ ಇದನ್ನ ಮೇ ಕೊನೆಯಲ್ಲಿ ತಾಲ್ಲೂಕು ಪೇಟೆಯ ಡೀಲರ್ ಹತ್ತಿರ 24,500 ರೂಪಾಯಿ ಕೊಟ್ಟು ತಂದಿದ್ರು. ಆವತ್ತು ಕುರ್ಚಿ ಹಾಕಿ, ಟೀ ತರಿಸಿ, ಅಂಗಡಿ ಹಿಂದಿನ ಖಾಲಿ ಜಾಗದಲ್ಲಿ ಡೆಮೋ ಕೊಟ್ಟು, "ಏನೇ ಆಗ್ಲಿ ಯಜಮಾನ್ರೆ, ಒಂದು ಫೋನ್ ಮಾಡಿ ಸಾಕು" ಅಂದಿದ್ರಂತೆ. ಒಂದು ವರ್ಷ ವಾರಂಟಿ. ಜುಲೈ ಮಧ್ಯದಲ್ಲಿ ತೊಂದರೆ ಶುರುವಾಯ್ತು. ಸ್ಟಾರ್ಟ್ ಆಗುತ್ತೆ, ಹತ್ತು ನಿಮಿಷ ಚೆನ್ನಾಗಿ ಓಡುತ್ತೆ, ಆಮೇಲೆ ಉಸಿರು ಕಟ್ಟಿದ ಹಾಗೆ ನಿಂತುಬಿಡುತ್ತೆ. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸ್ಟಾರ್ಟ್.

ಫೋನ್ ಮಾಡಿದ್ರೆ "ತಂದು ಬಿಡಿ" ಅಂದ್ರು. ಪಕ್ಕದ ಮನೆಯವರ ಪಿಕಪ್‌ನಲ್ಲಿ ಹಾಕ್ಕೊಂಡು ಹೋಗಿ ಬಿಟ್ಟು ಬಂದ್ರು. "ಎರಡು ದಿನ" ಅಂದವರು ಇಟ್ಟುಕೊಂಡಿದ್ದು 36 ದಿನ. ಮೊದಲು ಮೆಕ್ಯಾನಿಕ್ ರಜೆ. ಆಮೇಲೆ ಪಾರ್ಟು ಬೆಂಗಳೂರಿಂದ ಬರಬೇಕು. ಪಾರ್ಟು ಬಂತು, ಆದ್ರೆ ಬೇರೆ ಮಾಡೆಲ್ಲಿಂದು ಬಂತು. ನಡುವೆ ಹಬ್ಬ. ಕೊನೆಗೆ, "ಪೆಟ್ರೋಲಲ್ಲಿ ನೀರಿತ್ತು, ಕಾರ್ಬ್ಯುರೇಟರ್ ಹೋಗಿತ್ತು, ಹೊಸದು ಹಾಕಿದೀವಿ, ಇದು ವಾರಂಟಿಗೆ ಬರಲ್ಲ" ಅಂತ ಒಂದು ಚೀಟಿಯಲ್ಲಿ 2,150 ಅಂತ ಬರೆದು ಕೊಟ್ರು. ಚೀಟಿ ಅಂದ್ರೆ ನಿಜವಾಗ್ಲೂ ಚೀಟಿ. ಅಂಗಡಿಯ ಹೆಸರಿಲ್ಲ, ಜಿಎಸ್‌ಟಿ ನಂಬರ್ ಇಲ್ಲ, ಸೀಲ್ ಇಲ್ಲ. ಮನೆಗೆ ತಂದು ಸ್ಟಾರ್ಟ್ ಮಾಡಿದ್ರೆ ಹತ್ತು ನಿಮಿಷ ಓಡಿ ನಿಂತಿತು.

ಈಗ ನಮ್ಮ ಸಾಹಸ. ಮೂರು ಜನ ಭಾವಿ ಎಂಜಿನಿಯರ್‌ಗಳು. ಆಟೋ ಸೈಕಲ್‌ನ ಪಿ-ವಿ ಡಯಾಗ್ರಾಮ್ ಕಣ್ಣು ಮುಚ್ಚಿ ಬರೀತೀವಿ, ಎಫಿಶಿಯೆನ್ಸಿ ಡಿರೈವ್ ಮಾಡ್ತೀವಿ. ಟ್ಯಾಂಕ್ ಒಳಗೆ ಫಿಲ್ಟರ್ ಎಲ್ಲಿದೆ ಅಂತ ಹುಡುಕೋಕೆ ಅರ್ಧ ಗಂಟೆ ಬೇಕಾಯ್ತು. ಪ್ಲಗ್ ಬಿಚ್ಚಿ ಉಜ್ಜಿದ್ವಿ, ಏರ್ ಫಿಲ್ಟರ್ ತೊಳೆದ್ವಿ, ಹೊಸ ಪೆಟ್ರೋಲ್ ಹಾಕಿದ್ವಿ. ಮತ್ತೆ ಹತ್ತು ನಿಮಿಷ, ಮತ್ತೆ ಢಮಾರ್. ಅಮ್ಮ ಅಡುಗೆಮನೆಯಿಂದಲೇ "ಊಟಕ್ಕೆ ಬನ್ನಿ, ಅದು ಆಮೇಲೂ ಕೆಟ್ಟೇ ಇರುತ್ತೆ" ಅಂದ್ರು.

ಮರುದಿನ ಬಸ್‌ಸ್ಟ್ಯಾಂಡ್ ಪಕ್ಕ ಬೈಕ್ ಗ್ಯಾರೇಜ್ ಇಟ್ಟುಕೊಂಡಿರೋ ಅಣ್ಣನ ಹತ್ತಿರ ಒಯ್ದೆವು. ನಮಗಿಂತ ನಾಲ್ಕೈದು ವರ್ಷ ದೊಡ್ಡವರು, ಐಟಿಐ ಓದಿದವರು. ಅವರು ಸ್ಪ್ಯಾನರ್ ಕೈಗೆ ತಗೊಳ್ಳೋಕೂ ಮುಂಚೆ ಒಂದು ಪ್ರಶ್ನೆ ಕೇಳಿದ್ರು: "ನಿಂತಾಗ ಯಾವಾಗಾದ್ರೂ ಪೆಟ್ರೋಲ್ ಮುಚ್ಚಳ ತೆಗೆದು ನೋಡಿದೀರಾ?" ಇಲ್ಲ. ಮೆಷಿನ್ ಓಡಿಸಿದ್ರು. ನಿಂತಿತು. ಕಾದು, ಬಿಸಿ ಆರಿದ ಮೇಲೆ ಮುಚ್ಚಳ ತಿರುಗಿಸಿದ್ರು. ಸುಸ್ಸ್ ಅಂತ ಗಾಳಿ ಒಳಗೆ ಹೋಯ್ತು. ಅಷ್ಟೇ ಕಥೆ. ಟ್ಯಾಂಕಿನಿಂದ ಪೆಟ್ರೋಲ್ ಹೊರಗೆ ಹೋದಷ್ಟೂ ಗಾಳಿ ಒಳಗೆ ಬರಬೇಕು, ಅದಕ್ಕೆ ಮುಚ್ಚಳದಲ್ಲಿ ಸೂಜಿಮೊನೆಯಷ್ಟು ತೂತಿರುತ್ತೆ. ಆ ತೂತು ಕೆಸರು, ಹುಲ್ಲಿನ ಪುಡಿ ಸೇರಿ ಮುಚ್ಚಿಹೋಗಿತ್ತು. ಬಾಟಲಿಗೆ ಬಾಯಿ ಒತ್ತಿ ಹಿಡಿದು ನೀರು ಹೀರಿದ್ರೆ ಸ್ವಲ್ಪ ಹೊತ್ತಿಗೆ ನೀರು ಬರೋದು ನಿಲ್ಲುತ್ತಲ್ಲ, ಹಾಗೆ. ಬಿಟ್ಟರೆ ಗಾಳಿ ನಿಧಾನವಾಗಿ ನುಸುಳುತ್ತೆ, ಮತ್ತೆ ಸ್ಟಾರ್ಟ್ ಆಗುತ್ತೆ. ಅವರು ಕಂಪ್ರೆಸರ್ ಗಾಳಿ ಹೊಡೆದು ತೂತು ಬಿಡಿಸಿದ್ರು. ಸಂಜೆವರೆಗೆ ಎರಡು ಟ್ಯಾಂಕ್ ಓಡಿತು. ದುಡ್ಡು ತಗೊಳ್ಳಲಿಲ್ಲ, ಒಂದು ಕವಳ ಹಾಕ್ಕೊಂಡು ನಮ್ಮನ್ನ ನೋಡಿ ನಕ್ಕರು. ನಗಲಿ ಬಿಡಿ, ನ್ಯಾಯವೇ.

ಡೀಲರ್ ಮೋಸ ಮಾಡಿದ್ರು ಅಂತ ನಾವು ಹೇಳೋಕೆ ಆಗಲ್ಲ. ಕಾರ್ಬ್ಯುರೇಟರ್ ನಿಜವಾಗ್ಲೂ ಹೋಗಿದ್ದಿರಬಹುದು. ಆದ್ರೆ ಹೋಗಿತ್ತೋ ಇಲ್ಲವೋ ಅಂತ ತಿಳಿಯೋಕೆ ಒಂದು ದಾರಿಯೂ ಇಲ್ಲ, ಅದೇ ನಮ್ಮ ತಕರಾರು. ಮೆಷಿನ್ ಒಳಗೆ ಬಿಟ್ಟಾಗ ಜಾಬ್ ಕಾರ್ಡ್ ಕೊಟ್ಟಿಲ್ಲ. ಯಾವ ತಾರೀಕು ಬಂತು, ಗಿರಾಕಿ ಏನು ದೂರು ಹೇಳಿದ್ರು, ಮೆಕ್ಯಾನಿಕ್ ಏನು ನೋಡಿದ್ರು, ಏನೂ ಬರೆದಿಲ್ಲ. ಹಳೇ ಪಾರ್ಟು ವಾಪಸ್ ಕೊಟ್ಟಿಲ್ಲ. ಬರೆದಿದ್ದರೆ "ಹತ್ತು ನಿಮಿಷಕ್ಕೆ ನಿಲ್ಲುತ್ತೆ" ಅನ್ನೋ ಒಂದೇ ಸಾಲು ಓದಿದ ಯಾರಿಗಾದ್ರೂ ಮುಚ್ಚಳ ನೆನಪಾಗ್ತಿತ್ತೇನೋ. ಆ 36 ದಿನದಲ್ಲಿ ಅಪ್ಪಯ್ಯ ಬಾಡಿಗೆ ಮೆಷಿನ್‌ನವರಿಗೆ ದಿನಕ್ಕೆ 1,300ರಂತೆ ಆರು ದಿನ ಕೊಟ್ಟಿದ್ದಾರೆ. 7,800 ರೂಪಾಯಿ. ಅದು ಯಾವ ಚೀಟಿಯಲ್ಲೂ ಇಲ್ಲ.

ಡೀಲರ್ ಕಡೆಯ ಮಾತೂ ಇದೆ. ಕೆಲಸ ಕಲಿತ ಹುಡುಗ ಆರು ತಿಂಗಳಿಗೆ ಬೆಂಗಳೂರಿಗೆ ಹೋಗ್ತಾನೆ. ಪಾರ್ಟ್ ಕೇಳಿದ್ರೆ ಕಂಪನಿ ಬೇಗ ಕಳಿಸಲ್ಲ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ತಂದವರೂ ರಿಪೇರಿಗೆ ಇಲ್ಲೇ ಬಂದು ನಿಲ್ತಾರೆ. ಪೆಟ್ರೋಲಲ್ಲಿ ನೀರು ಅನ್ನೋದೂ ಪೂರಾ ನೆಪ ಅಲ್ಲ. ಈಗ ಬಂಕ್‌ಗಳಲ್ಲಿ ಶೇ. 20 ಎಥನಾಲ್ ಬೆರೆತ ಪೆಟ್ರೋಲ್ ಸಿಗ್ತಿದೆ, ಎಥನಾಲ್ ಗಾಳಿಯ ತೇವ ಹೀರಿಕೊಳ್ಳುತ್ತೆ, ಮಳೆಗಾಲದಲ್ಲಿ ಕ್ಯಾನಿನಲ್ಲಿ ಇಟ್ಟು ಮರೆತರೆ ತೊಂದರೆ ಖಂಡಿತ. ಒಪ್ಪಿದ್ವಿ. ಆದ್ರೆ ಈ ಮಾತು ಮಾರುವ ದಿನ ಟೀ ಜೊತೆ ಬರಬೇಕಿತ್ತು, ರಿಪೇರಿಯ ದಿನ ಬಿಲ್ ಜೊತೆ ಅಲ್ಲ. ನಾವು ಮ್ಯಾನ್ಯುಯಲ್ ತೆಗೆದು ನೋಡಿದ್ರೆ ಅದರಲ್ಲೇ ಇದೆ: ಎಥನಾಲ್ ಶೇ. 10ಕ್ಕಿಂತ ಹೆಚ್ಚಿರಬಾರದು ಅಂತ. ಬಂಕ್‌ನಲ್ಲಿ ಸಿಗದ ಪೆಟ್ರೋಲ್ ಬೇಕು ಅನ್ನೋ ಮೆಷಿನ್ ಮಾರಿ, ಬಂಕ್‌ನ ಪೆಟ್ರೋಲ್ ಹಾಕಿದ್ದಕ್ಕೆ ವಾರಂಟಿ ಇಲ್ಲ ಅಂದ್ರೆ ಅದು ಯಾವ ಸೀಮೆ ವಾರಂಟಿ?

ಮತ್ತೆ, ಆ ಮ್ಯಾನ್ಯುಯಲ್ ಇರೋದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಒಂದು ಲೀಟರ್ ಪೆಟ್ರೋಲಿಗೆ 40 ಎಂಎಲ್ ಟೂ-ಟಿ ಆಯಿಲ್ ಅನ್ನೋ ಸಾಲೂ, ಇಷ್ಟು ಗಂಟೆ ಓಡಿದ ಮೇಲೆ ಮುಚ್ಚಳದ ತೂತು ಕ್ಲೀನ್ ಮಾಡಿ ಅನ್ನೋ ಸಾಲೂ ಅದರಲ್ಲಿದೆ. 11ನೇ ಪೇಜಿನಲ್ಲಿ. ಅಪ್ಪಯ್ಯ ಕನ್ನಡ ಪೇಪರ್ ಜಾಹೀರಾತಿನವರೆಗೆ ಬಿಡದೆ ಓದೋರು, ಕನ್ನಡದಲ್ಲಿ ಇದ್ದಿದ್ದರೆ ಇದನ್ನೂ ಓದ್ತಿದ್ರು. ನಾವು ಆ ಎರಡು ಪೇಜ್ ಕನ್ನಡಕ್ಕೆ ಮಾಡಿ ಕೊಟ್ಟಿಗೆ ಗೋಡೆಗೆ ಅಂಟಿಸಿ ಬಂದ್ವಿ. ಇಂಗ್ಲಿಷ್ ಮೀಡಿಯಂನವರಾದ ನಮಗೆ ಅದು ಥರ್ಮೋಡೈನಾಮಿಕ್ಸ್‌ಗಿಂತ ಕಷ್ಟ ಆಯ್ತು. ಡಯಾಫ್ರಾಮ್‌ಗೆ ಏನನ್ನೋದು ಅಂತ ಮೂವರೂ ತಲೆ ಕೆರ್ಕೊಂಡ್ವಿ. "ರಬ್ಬರ್ ಪದರ ಅನ್ರೋ, ಎಲ್ರಿಗೂ ತಿಳಿಯುತ್ತೆ" ಅಂದವರು ಅಮ್ಮ.

ಆಮೇಲೆ ರಾತ್ರಿ ಕೂತು ಕಾನೂನು ಓದಿದ್ವಿ. ಗ್ರಾಹಕ ಸಂರಕ್ಷಣಾ ಕಾಯ್ದೆ 2019, ಜಾರಿಗೆ ಬಂದಿದ್ದು 2020ರ ಜುಲೈನಲ್ಲಿ. ತೋಟದ ಕೆಲಸಕ್ಕೆ ತಂದಿದ್ದು, ಅಂದ್ರೆ ವ್ಯಾಪಾರಕ್ಕೆ ತಂದ ಹಾಗಾಯ್ತಲ್ಲ, ಗ್ರಾಹಕ ಅನ್ನೋಕೆ ಬರುತ್ತಾ ಅಂತ ನಮಗೆ ಅನುಮಾನ ಇತ್ತು. ಬರುತ್ತೆ: ಸ್ವಂತ ದುಡಿಮೆಯಿಂದ ಜೀವನ ನಡೆಸೋಕೆ ಮಾತ್ರ ಕೊಂಡ ವಸ್ತು ಅದರ ಪ್ರಕಾರ ವಾಣಿಜ್ಯ ಉದ್ದೇಶಕ್ಕೆ ಸೇರಲ್ಲ. ಕೊಟ್ಟ ಸೇವೆಗೆ ಬಿಲ್ ಅಥವಾ ರಸೀದಿ ಕೊಡದೇ ಇರೋದನ್ನೇ ಈ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿಗಳ ಪಟ್ಟಿಯಲ್ಲಿ ಹಾಕಿದೆ. ಜಿಲ್ಲಾ ಗ್ರಾಹಕ ಆಯೋಗಕ್ಕೆ ನಾವಿರೋ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಂಪನಿ ಎಲ್ಲೇ ಇರಲಿ. ಕೊಟ್ಟ ಬೆಲೆ 5 ಲಕ್ಷದವರೆಗಿದ್ದರೆ ಶುಲ್ಕ ಇಲ್ಲ. ವಕೀಲರು ಬೇಕೇ ಬೇಕು ಅಂತಿಲ್ಲ, ಎರಡು ವರ್ಷದ ಒಳಗೆ ಕೊಟ್ಟರೆ ಆಯ್ತು. ಅದಕ್ಕೂ ಮುಂಚೆ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಬಹುದು. 2022ರಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿನ ಪೋರ್ಟಲ್ ಮಾಡಿದಾಗ ಆರಿಸಿಕೊಂಡ ನಾಲ್ಕು ವಲಯಗಳಲ್ಲಿ ಕೃಷಿ ಉಪಕರಣವೂ ಒಂದು. ಮೊಬೈಲ್ ಬಿಚ್ಚೋ ಹಕ್ಕಿನ ಬಗ್ಗೆ ನಾವು ಹಾಸ್ಟೆಲ್‌ನಲ್ಲಿ ಗಂಟೆಗಟ್ಟಲೆ ವಾದ ಮಾಡ್ತೀವಿ, ಇದು ಮಾತ್ರ ಯಾರ ಬಾಯಲ್ಲೂ ಬಂದಿದ್ದಿಲ್ಲ.

ಇಷ್ಟೆಲ್ಲ ಉತ್ಸಾಹದಿಂದ ಓದಿ ಹೇಳಿದ್ರೆ ಅಪ್ಪಯ್ಯ ಸುಮ್ಮನೆ ಕೇಳಿಸ್ಕೊಂಡ್ರು. ಆಮೇಲೆ, "ಎಲ್ಲಾ ಸರಿ. ಔಷಧಿ ಹೊಡೆಯೋ ಪಂಪಿನ ವಾಷರ್ ಹೋದ್ರೆ ನಾನು ಯಾರ ಹತ್ರ ಹೋಗ್ಲಿ? ಮಳೆ ಎರಡು ದಿನ ಬಿಡುವು ಕೊಟ್ಟಾಗ ಹೊಡೀಲಿಲ್ಲ ಅಂದ್ರೆ ಕೊಳೆ ಬರುತ್ತೆ. ಆ ಎರಡು ದಿನ ಅವನ ಅಂಗಡಿ ಬಾಗಿಲು ನನಗೆ ತೆರೆದಿರಬೇಕು" ಅಂದ್ರು.

ಇದಕ್ಕೆ ನಮ್ಮ ಹತ್ತಿರ ತಕ್ಷಣ ಉತ್ತರ ಇರಲಿಲ್ಲ. ಜನ ದೂರು ಕೊಡಲ್ಲ ಅಂದ್ರೆ ಗೊತ್ತಿಲ್ಲದೆ ಅಂತ ನಾವು ತಿಳ್ಕೊಂಡಿದ್ವಿ. ಗೊತ್ತಿದ್ದೂ ಕೊಡಲ್ಲ, ಯಾಕಂದ್ರೆ ಪೇಟೆಯಲ್ಲಿ ಪಾರ್ಟು ಇಡೋ ಅಂಗಡಿ ಅದೊಂದೇ. ಸಿಟಿಯಲ್ಲಿ ಒಂದು ಸ್ಟಾರ್ ರೇಟಿಂಗ್ ಹಾಕಿ ಬೇರೆ ಅಂಗಡಿಗೆ ಹೋಗೋ ನಮ್ಮ ಧೈರ್ಯ ಇಲ್ಲಿ ಬಿಟ್ಟಿ ಧೈರ್ಯ.

ಆದ್ರೂ ನಮ್ಮ ಅಭಿಪ್ರಾಯ ಬದಲಾಗಿಲ್ಲ, ಸ್ವಲ್ಪ ಮೆತ್ತಗಾಯ್ತು ಅಷ್ಟೇ. ಆಯೋಗಕ್ಕೆ ಹೋಗೋದು ಜಗಳ ಇರಬಹುದು. ಮೆಷಿನ್ ಬಿಡುವಾಗ ಜಾಬ್ ಕಾರ್ಡ್ ಕೇಳೋದು ಜಗಳ ಅಲ್ಲ. ಕೊಡದಿದ್ರೆ ನಾವೇ ಒಂದು ಹಾಳೆಯಲ್ಲಿ ಸೀರಿಯಲ್ ನಂಬರ್, ತಾರೀಕು, ತೊಂದರೆ ಬರೆದು ಕೌಂಟರ್ ಮೇಲಿಟ್ಟು ಫೋಟೋ ತೆಗೆದುಕೊಳ್ಳಬಹುದು. "ಹಳೇ ಪಾರ್ಟ್ ಕವರಲ್ಲಿ ಹಾಕಿ ಕೊಡಿ" ಅನ್ನಬಹುದು. ಈ ಕಾಲೇಜಲ್ಲಿ ತೋಟ, ಗದ್ದೆ ಇರೋ ಮನೆಗಳಿಂದ ಬಂದವರು ಎಷ್ಟು ಜನ ಇದ್ದೀರಿ! ಮುಂದಿನ ಸಲ ಊರಿಗೆ ಹೋದಾಗ ಮನೆಯ ಪಂಪು, ಟಿಲ್ಲರ್, ಕಟರ್‌ಗಳ ಬಿಲ್ ಎಲ್ಲಿದೆ ಅಂತ ಒಮ್ಮೆ ಕೇಳಿ ನೋಡಿ. ದೇವರ ಕೋಣೆಯ ಕ್ಯಾಲೆಂಡರ್ ಹಿಂದೆ ಸಿಗಬಹುದು, ಸಿಗದೆಯೂ ಇರಬಹುದು.

ಇನ್ನೊಂದು ಮಾತು ನಮ್ಮ ಡಿಪಾರ್ಟ್‌ಮೆಂಟ್‌ಗೆ. ಪ್ರಾಜೆಕ್ಟ್ ಎಕ್ಸಿಬಿಷನ್ ಅಂದ್ರೆ ಒಂದು ಸ್ಮಾರ್ಟ್ ವೀಡರ್ ಇದ್ದೇ ಇರುತ್ತೆ. ಸೋಲಾರ್, ಬ್ಲೂಟೂತ್, ಸೆನ್ಸರ್, ಎಲ್ಲಾ ಇರುತ್ತೆ. ಕೆಟ್ಟರೆ ಯಾರು ಬಿಚ್ಚಬೇಕು, ಯಾವ ಸ್ಪ್ಯಾನರ್ ಬೇಕು, ಪಾರ್ಟು ತಾಲ್ಲೂಕಿನಲ್ಲಿ ಸಿಗುತ್ತಾ ಅಂತ ರಿಪೋರ್ಟಿನಲ್ಲಿ ಒಂದು ಪೇಜೂ ಇರಲ್ಲ, ವೈವಾದಲ್ಲಿ ಕೇಳಿದ್ದನ್ನೂ ನಾವು ನೋಡಿಲ್ಲ. ನಾಳೆ ಕೆಲಸಕ್ಕೆ ಸೇರಿ ಸುಲಭಕ್ಕೆ ಬಿಚ್ಚೋಕಾಗದ ಮೆಷಿನ್ ಡಿಸೈನ್ ಮಾಡೋರು ನಾವೇ, ಇಂಗ್ಲಿಷ್‌ನಲ್ಲಿ ಮ್ಯಾನ್ಯುಯಲ್ ಬರೆಯೋರೂ ನಾವೇ. ಡೀಲರನ್ನ ಬೈಯುವಾಗ ಅದೂ ನೆನಪಿರಲಿ. ಕನ್ನಡ ಸಂಘ ಈ ಸೆಮಿಸ್ಟರ್‌ನಲ್ಲಿ ಕವಿಗೋಷ್ಠಿ ಜೊತೆಗೆ ಒಂದು ಶನಿವಾರ ಮ್ಯಾನ್ಯುಯಲ್ ಕನ್ನಡಕ್ಕೆ ಮಾಡೋ ಕೆಲಸಕ್ಕೂ ಇಡಲಿ ಅಂತ ನಾವು ಕೇಳಿದ್ದೇವೆ. ಬರೋರು ನಿಮ್ಮ ಮನೆ ಮೆಷಿನ್‌ನ ಮ್ಯಾನ್ಯುಯಲ್ ತನ್ನಿ. ಅಮ್ಮನಿಗೆ ಫೋನ್ ಮಾಡೋ ಕೆಲಸ ನಮ್ಮದು.

ಹೊರಡೋ ಹಿಂದಿನ ದಿನ ಅಪ್ಪಯ್ಯ ತಾವಾಗೇ ಪೆನ್ ತಗೊಂಡು ಡೀಲರ್‌ಗೆ ಒಂದು ಪತ್ರ ಬರೆದ್ರು. ನಾವು ಬರೆದಿದ್ದ ಡ್ರಾಫ್ಟ್ ವಕೀಲರ ನೋಟಿಸ್ ಥರ ಇತ್ತಂತೆ, ಪಕ್ಕಕ್ಕಿಟ್ರು. ಅವರದ್ದು ಎಂಟೇ ಸಾಲು. ಮೆಷಿನ್ ಕೊಟ್ಟ ದಿನ, ವಾಪಸ್ ಬಂದ ದಿನ, ಕೊಟ್ಟ ದುಡ್ಡು, ಈಗ ಸರಿಯಾದ ರೀತಿ. ಕೊನೆಗೆ ಸರಿಯಾದ ಬಿಲ್ಲು ಮತ್ತು ಹಳೇ ಕಾರ್ಬ್ಯುರೇಟರ್ ಕೊಡಬೇಕಾಗಿ ವಿನಂತಿ. ರಿಜಿಸ್ಟರ್ಡ್ ಪೋಸ್ಟ್ ಮಾಡಿ ರಸೀದಿಯನ್ನ ವಾರಂಟಿ ಕಾರ್ಡಿಗೆ ಪಿನ್ ಹಾಕಿದ್ವಿ.

ನಾವು ಹಾಸ್ಟೆಲ್‌ಗೆ ಬಂದು ಎಂಟು ದಿನಕ್ಕೆ ಡೀಲರ್ ಫೋನ್ ಮಾಡಿದ್ರಂತೆ. "ಏನ್ ಯಜಮಾನ್ರೆ, ಇಷ್ಟಕ್ಕೆಲ್ಲ ಪತ್ರ ಯಾಕೆ? ಒಂದು ಫೋನ್ ಮಾಡಿದ್ರೆ ಆಗ್ತಿರಲಿಲ್ವಾ?" ಆ 36 ದಿನದಲ್ಲಿ ಅಪ್ಪಯ್ಯ ಮಾಡಿದ ಫೋನು 17. ಕಾಲ್ ಲಿಸ್ಟಿನಲ್ಲಿ ನಾವೇ ಎಣಿಸಿದ್ವಿ. ಅವರು ಅದನ್ನ ಎತ್ತಿ ಆಡಲಿಲ್ಲ. "ಹೌದಪ್ಪ, ಹಳೇದು ಹುಡುಕಿಡು, ಸಂತೆ ದಿನ ಬರ್ತೀನಿ" ಅಂದ್ರಂತೆ.

ಸಂತೆ ಗುರುವಾರ.